ಸೋದರತ್ತೆಯ ಪಾಲು

ತೊಗಟೆ ಬಡಿಯುವ ಚಪ್ಪರದಲ್ಲಿ ಆ ದಿನ ಫೂಸಿಯನ್ನು ಹೊಗಳಲು ಶುರು ಮಾಡಿದವರು ಪಾದ್ರಿಯಮ್ಮ. ಹೆಂಗಸರೆಲ್ಲ ಉದ್ದನೆಯ ಮರದ ದಿಮ್ಮಿಯ ಎರಡೂ ಕಡೆ ಕಾಲು ಚಾಚಿ ಕೂತು, ನೆನೆಸಿದ ತೊಗಟೆಯನ್ನು ಕೊಡತಿಯಿಂದ ಬಡಿದು ಬಟ್ಟೆಯ ಹಾಗೆ ಅಗಲ ಮಾಡುತ್ತಿದ್ದರು. ಆ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಲೇಬೇಕು. ಹಾಗಾಗಿ ಹೊಗಳಿಕೆ ಬೀದಿಯ ತನಕ ಕೇಳಿಸಿತು.

"ಈ ಭಾನುವಾರ ಸಭೇಲಿ ನಮ್ಮನೆಯವ್ರು ನಿನ್ನ ಹೆಸರು ಹೇಳ್ತಾರಂತೆ ಕಣೇ ಫೂಸಿ! ಒಂದೇ ಅಂಗಳದಲ್ಲಿ ಎರಡು ಸಭೆ. ನೀನು ನಮ್ಮ ವೆಸ್ಲಿಯನ್ ಸಭೆ, ನಿನ್ನ ಅತ್ತಿಗೆ ಏಳನೇ ದಿನದ ಸಭೆ. ಅವ್ರು ಹಂದಿ ಮುಟ್ಟಲ್ಲ, ಚಹಾ ಕುಡಿಯಲ್ಲ. ಅವ್ರಿಗೆ ಅಂತ ಬೇರೆ ಪಾತ್ರೆ ಇಟ್ಟು ಬೇಯಿಸ್ತೀಯಂತಲ್ಲ. ಒಂದು ದಿನ ಒಂದು ಮಾತು ಬಂದಿಲ್ಲ. ಸಹನೆ ಅಂದ್ರೆ ಅದು!"

"ನಮ್ಮನೇಲಿ ಎಲ್ಲಾ ಒಂದೇ ಸಭೆ," ಎಂದಳು ಎದುರು ಕೂತಿದ್ದ ಸೇಯಿನಿ, "ಆದ್ರೂ ದಿನಾ ಕೊಡತಿ ಹಾರ್ತಾ ಇರುತ್ತೆ."

ಎಲ್ಲರೂ ನಕ್ಕರು. ಫೂಸಿ ತಲೆ ತಗ್ಗಿಸಿ, "ನಂದೇನಿದೆ ಅದರಲ್ಲಿ. ಅವರ ದೇವರು ಅವರಿಗೆ, ನಮ್ಮದು ನಮಗೆ," ಎಂದಳು. ಹಾಗೆ ಅನ್ನುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅಂದಾಗಲೆಲ್ಲ ಎದೆಯಲ್ಲಿ ಒಂದು ಹಿತವಾದ ಬಿಸುಪು ಹರಡುತ್ತಿತ್ತು.

ಪಾದ್ರಿಯಮ್ಮ ಎದ್ದು ಹೋದ ಮೇಲೆ ಸೇಯಿನಿ ದಿಮ್ಮಿಯ ಮೇಲೆ ಬಾಗಿ ದನಿ ತಗ್ಗಿಸಿದಳು. "ನಿನ್ನ ಅತ್ತಿಗೆ ವವಾಉ ದ್ವೀಪಕ್ಕೆ ಹೋಗ್ತಾಳಂತಲ್ಲೇ. ಅವರ ಸಭೆ ಶಾಲೇಲಿ ಹುಡುಗೀರ ವಸತಿ ನೋಡ್ಕೊಳ್ಳೋ ಕೆಲಸ ಸಿಕ್ಕಿದೆಯಂತೆ."

"ನಂಗೆ ಹೇಳಿಲ್ಲ."

"ಹೇಳಲ್ಲ, ಕೇಳ್ತಾಳೆ. ಮಕ್ಕಳ ಭಾನುವಾರದ ಊಟಕ್ಕೆ ಎಲ್ರೂ ಕೂತಾಗ ನಿನ್ನ ಮಗಳು ಪೆಸಿನ ಕೇಳ್ತಾಳಂತೆ. ಅವರ ಸಭೆಯವಳೇ ನನ್ನ ಹತ್ರ ಅಂದಿದ್ದು."

ಫೂಸಿ ಕೊಡತಿ ಎತ್ತಿದವಳು ಇಳಿಸಲಿಲ್ಲ.

ನಮ್ಮಲ್ಲಿ ಸೋದರತ್ತೆ ಕೇಳಿದ್ದಕ್ಕೆ ಇಲ್ಲ ಅನ್ನುವುದಿಲ್ಲ. ಹುಟ್ಟಿದ ಮಗುವಿಗೆ ಹೆಸರು ಕೊಡುವವಳು ಅವಳು. ಮದುವೆಯಾಗಲಿ ಸಾವಾಗಲಿ ತಲೆಯ ಕಡೆ ಕೂರುವವಳು ಅವಳು. ಚಾಪೆ ಕೇಳಿದರೆ ಚಾಪೆ, ಹಂದಿ ಕೇಳಿದರೆ ಹಂದಿ, ಮಗು ಕೇಳಿದರೆ ಮಗು. ಹಾಗೆ ಅತ್ತೆಯರ ಮನೆಯಲ್ಲಿ ಬೆಳೆದ ಮಕ್ಕಳು ನಮ್ಮ ಬೀದಿಯಲ್ಲೇ ಎಷ್ಟೋ ಇದ್ದಾರೆ. ಹೆತ್ತವರು ಅಳುವುದಿಲ್ಲ, ಎದುರಿಗಂತೂ ಇಲ್ಲ.

*

ಕಲೊಲೈನೆ ಫೂಸಿಯ ಗಂಡ ಇನೊಕೆಯ ಅಕ್ಕ. ಮದುವೆಯಾದ ಮನೆಯವರ ಸಭೆಗೆ ಸೇರಿಕೊಂಡವಳು, ಗಂಡ ತೀರಿಕೊಂಡ ಮೇಲೂ ಅದನ್ನು ಬಿಡಲಿಲ್ಲ. ಮಕ್ಕಳಾಗಲಿಲ್ಲ. ತಮ್ಮನ ಜಾಗದಲ್ಲೇ, ಹಲಸಿನಂಥ ಕಾಯಿ ಬಿಡುವ ದೊಡ್ಡ ಮರದ ಆಚೆ, ಎರಡು ಕೋಣೆಯ ಮನೆ ಕಟ್ಟಿಕೊಂಡು ಇದ್ದಳು. ಎತ್ತರದ ಹೆಂಗಸು. ಅವಳ ನಗು ಕೇಳಿದರೆ ನಾಯಿಗಳು ಎದ್ದು ಬರುತ್ತಿದ್ದವು.

ಫೂಸಿಗೆ ಇಬ್ಬರು ಗಂಡುಮಕ್ಕಳಾದ ಮೇಲೆ ತಡವಾಗಿ ಹುಟ್ಟಿದವಳು ಪೆಸಿ. ಸಣ್ಣ ಕಿವಿ, ಕಡ್ಡಿಯಂಥ ಕೈಕಾಲು, ಬಾಚಣಿಗೆ ಮುರಿಯುವಷ್ಟು ಕೂದಲು. ಅವಳ ತಲೆ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಜಡೆ ಹಾಕುವ ಹೊತ್ತು ಫೂಸಿಗೆ ದಿನದಲ್ಲಿ ತನ್ನದೇ ಎನಿಸುವ ಹೊತ್ತು. ಮಗು ಎರಡು ಮಂಡಿಗಳ ನಡುವೆ ಕೂರಬೇಕು, ಅಲುಗಾಡುವಂತಿಲ್ಲ, ಎಲ್ಲಿಗೂ ಓಡುವಂತಿಲ್ಲ.

"ಅತ್ತೆ ಇಷ್ಟು ಬಿಗಿಯಾಗಿ ಎಳೆಯಲ್ಲ," ಎಂದಿದ್ದಳು ಪೆಸಿ ಅವತ್ತು ಬೆಳಿಗ್ಗೆ.

ಫೂಸಿ ಜಡೆಯನ್ನು ಇನ್ನೂ ಒಂದು ಸುತ್ತು ಬಿಗಿದಿದ್ದಳು.

ಈಗ ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಪೆಸಿ ಎಲೆಯೊಳಗೆ ಬೆಂದ ಗೆಣಸನ್ನೆಲ್ಲ ತಿಂದು ಮಾಂಸದ ತುಂಡನ್ನು ಬದಿಗೆ ಸರಿಸಿದಳು.

"ಯಾಕೆ ಬಿಟ್ಟೆ? ಹೊಟ್ಟೆ ನೋವಾ?" ಎಂದಳು ಫೂಸಿ.

"ಇಲ್ಲ. ಹಂದಿ ಬೇಡ."

"ಯಾಕೆ ಬೇಡ?"

"ಅತ್ತೆ ತಿನ್ನಲ್ಲ."

"ಅತ್ತೆ ನಿಂಗೆ ತಿನ್ನಬೇಡ ಅಂದ್ರಾ?"

"ಇಲ್ಲಪ್ಪ. ತಿನ್ನು, ನಿಮ್ಮಮ್ಮ ಕಷ್ಟಪಟ್ಟು ಮಾಡಿರ್ತಾಳೆ ಅಂತಾನೇ ಅಂದ್ರು. ನಂಗೇ ಬೇಡ ಅನ್ನಿಸ್ತು."

ತಿನ್ನಬೇಡ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿಡಿದು ಜಗಳ ಆಡಲು ಒಂದು ಕಾರಣ ಸಿಗುತ್ತಿತ್ತು. ಇನೊಕೆ ಹೆಂಡತಿಯ ಮುಖ ನೋಡಿ, "ಮಗು ಅಲ್ವಾ, ಬಿಡು," ಎಂದ.

"ನಾನೇನಾದ್ರೂ ಅಂದ್ನಾ? ಏನಾದ್ರೂ ಅಂದ್ನಾ ನಾನು?" ಎಂದು ಫೂಸಿ ಆ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡಳು.

ಮಕ್ಕಳ ಭಾನುವಾರಕ್ಕೆ ಮಗಳಿಗೆ ಬಿಳಿ ಅಂಗಿ ಹೊಲಿಯುತ್ತಿದ್ದಳು. ಮೇ ತಿಂಗಳ ಮೊದಲ ಭಾನುವಾರ ಊರಿನ ಮಕ್ಕಳೆಲ್ಲ ಬಿಳಿ ಬಟ್ಟೆಯಲ್ಲಿ ಸಭೆಯ ಮುಂದೆ ನಿಂತು ಬಾಯಿಪಾಠ ಒಪ್ಪಿಸುತ್ತಾರೆ. ಆಮೇಲೆ ದೊಡ್ಡವರಿಗಿಂತ ಮೊದಲು ಅವರಿಗೆ ಊಟ. ಅನ್ನಕ್ಕೆ ನೀರಿಟ್ಟು ಎರಡು ಹೊಲಿಗೆ, ಬಟ್ಟೆ ಒಣಹಾಕಿ ಬಂದು ಇನ್ನೆರಡು, ಹೀಗೆ ಅಂಗಿ ಮುಗಿಯಿತು. ಮುಗಿದ ದಿನವೇ ಕಲೊಲೈನೆ ಬಂದಳು. ಕೈಯಲ್ಲಿ ಕೊಂಡಿಸೂಜಿಯಿಂದ ಹೆಣೆದ ಕೊರಳಪಟ್ಟಿ, ನೊರೆಯಂತೆ ಸಣ್ಣಸಣ್ಣ ಹೂವು.

"ಎಷ್ಟು ನೀಟಾಗಿ ಹೊಲಿದಿದ್ದೀಯ ಫೂಸಿ. ಇದನ್ನ ಕೊರಳಿಗೆ ಹಾಕಿ ನೋಡು. ಬೇಡ ಅನ್ಸಿದ್ರೆ ಬಿಡು."

ಹಾಕಿ ನೋಡಿದರೆ ಅದು ಆ ಅಂಗಿಗೇ ಹುಟ್ಟಿದ ಹಾಗಿತ್ತು. ಇಷ್ಟು ದಿನ ಸಾದಾ ಬಟ್ಟೆಯಾಗಿದ್ದದ್ದು ಈಗ ಹಬ್ಬದ ಅಂಗಿಯಾಯಿತು. ಭಾನುವಾರ ಎಲ್ಲರೂ ಕೊರಳಪಟ್ಟಿಯನ್ನೇ ನೋಡುತ್ತಾರೆ. ಅದರ ಕೆಳಗಿನ ಅಂಗಿಯನ್ನು ಯಾರು ಕೇಳುತ್ತಾರೆ?

"ಎಷ್ಟು ಚೆನ್ನಾಗಿದೆ ಅತ್ತಿಗೆ," ಎಂದಳು ಫೂಸಿ ಸಿಹಿಯಾಗಿ. "ನಿಮ್ಮ ಕೈ ಅಂದ್ರೆ ಕೈ."

ಬಾಯಿಪಾಠದ ಕಥೆಯೂ ಅದೇ. ಅಮ್ಮನ ಮುಂದೆ ನಿಂತರೆ ಪೆಸಿ ಗೊಣಗುಟ್ಟುತ್ತಿದ್ದಳು. ಮರದ ಆಚೆಯ ಮೆಟ್ಟಿಲಿನಿಂದ ಮಾತ್ರ ಅವಳ ದನಿ ಗಂಟೆಯ ಹಾಗೆ ಕೇಳಿಬರುತ್ತಿತ್ತು, ನಡುನಡುವೆ ಆ ದೊಡ್ಡ ನಗುವಿನ ಜೊತೆ. ಫೂಸಿ ಪಾತ್ರೆ ತಿಕ್ಕುತ್ತಾ ಕೇಳುತ್ತಿದ್ದಳು. ಮಗಳಿಗಿಂತ ಮೊದಲು ಆ ಮಾತುಗಳೆಲ್ಲ ಅವಳಿಗೇ ಬಾಯಿಗೆ ಬಂದವು.

*

ಭಾನುವಾರ ಸಭೆ ತುಂಬಿತ್ತು. ಬಾಗಿಲಿನ ತನಕ ಬೀಸಣಿಗೆಗಳು ಆಡುತ್ತಿದ್ದವು. ಫೂಸಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಮೂಗು ಒರೆಸಿಕೊಳ್ಳುವ ಪುಟ್ಟ ಮಕ್ಕಳು ಒಂದೊಂದು ಮಾತು ಹೇಳಿ ಓಡಿಬಂದರು, ತಾಯಂದಿರು ಅತ್ತರು. ನಂತರ ಪೆಸಿ ಎದ್ದಳು. ಅರ್ಧದ ತನಕ ಸಲೀಸಾಗಿ ಹೇಳಿದಳು. ಆಮೇಲೆ ನಿಂತುಬಿಟ್ಟಳು.

ಫೂಸಿ ಮುಂದೆ ಬಾಗಿ ತುಟಿ ಆಡಿಸಿದಳು. ಮುಂದಿನ ಮಾತನ್ನು ಸದ್ದಿಲ್ಲದೆ, ದೊಡ್ಡದಾಗಿ, ಒಂದೊಂದೇ ಅಕ್ಷರವಾಗಿ ಕೊಟ್ಟಳು. ಪೆಸಿಯ ಕಣ್ಣು ಅವಳ ಮೇಲೆ ಬಂತು, ಅವಳನ್ನು ದಾಟಿತು, ಸಾಲುಗಳನ್ನೆಲ್ಲ ದಾಟಿ ಬಾಗಿಲಿಗೆ ಹೋಯಿತು. ಫೂಸಿ ತಿರುಗಿದಳು. ಬಾಗಿಲಲ್ಲಿ ಕಲೊಲೈನೆ ನಿಂತಿದ್ದಳು. ಹೆಸರಿಗೆ ಏಳನೇ ದಿನ, ಎಂದರೆ ಶನಿವಾರದವರಾದರೂ ಅವರ ಪ್ರಾರ್ಥನೆಯೂ ನಮ್ಮ ದ್ವೀಪದಲ್ಲಿ ಭಾನುವಾರವೇ. ಅದನ್ನು ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಳು. ಸಭೆಗೆ ಹೋಗುವಾಗ ನಾವೆಲ್ಲ ಸೊಂಟಕ್ಕೆ ಸುತ್ತಿಕೊಳ್ಳುವ ಹಬ್ಬದ ಚಾಪೆ ಓರೆಯಾಗಿತ್ತು, ಏದುಸಿರು ಬಿಡುತ್ತಿದ್ದಳು. ಏನನ್ನೂ ಹೇಳಿಕೊಡಲಿಲ್ಲ. ಸುಮ್ಮನೆ ಗದ್ದ ಸ್ವಲ್ಪ ಮೇಲೆತ್ತಿದಳು.

ಪೆಸಿಯೂ ಗದ್ದ ಎತ್ತಿದಳು. ಉಳಿದದ್ದೆಲ್ಲ ನೀರು ಹರಿದ ಹಾಗೆ ಬಂತು.

ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಪಾದ್ರಿಯಮ್ಮ ಫೂಸಿಯ ಕೈ ಅದುಮಿ, "ಎಂಥ ಮಗಳನ್ನ ಹೆತ್ತಿದ್ದೀಯ," ಎಂದರು. ಫೂಸಿಯ ಕಣ್ಣಲ್ಲೂ ನೀರು ಬಂದಿತ್ತು, ಆದರೆ ಅದು ಹೊಗೆ ಹೋದ ಕಣ್ಣಿನ ನೀರಿನ ಹಾಗೆ ಉರಿಯುತ್ತಿತ್ತು. ತಾನು ಮಾತುಗಳನ್ನೇ ಕೊಟ್ಟಿದ್ದಳು. ಮಗಳಿಗೆ ಬೇಕಾದದ್ದು ಬರೀ ಒಂದು ಗದ್ದ.

ಕೊನೆಯಲ್ಲಿ ಪಾದ್ರಿ ಎದ್ದು ನಾಲ್ಕು ಮಾತಾಡಿದರು. ಹೇಳಿದ ಹಾಗೆಯೇ ಫೂಸಿಯ ಹೆಸರು ತೆಗೆದರು. "ಬೇರೆ ಸಭೆಯ ಅತ್ತಿಗೆಯನ್ನು ಇಷ್ಟು ವರ್ಷ ಮುಖ ಗಂಟಿಕ್ಕದೆ ಸಹಿಸಿಕೊಂಡಿದ್ದಾಳೆ ಈ ತಾಯಿ," ಎಂದರು. ಎಲ್ಲರೂ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಕಲೊಲೈನೆ ಓರೆಯಾಗಿದ್ದ ಚಾಪೆಯನ್ನು ಸರಿಮಾಡಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು.

*

ನೆಲದಲ್ಲಿ ತೋಡಿದ ಒಲೆಯನ್ನು ಬೆಳಗಾಗುವ ಹೊತ್ತಿಗೇ ಮುಚ್ಚಿಟ್ಟು ಹೋಗಿದ್ದರು. ಬಂದ ಕೂಡಲೇ ಗಂಡಸರು ಬಿಸಿ ಕಲ್ಲು ಸರಿಸಿ ಗೆಡ್ಡೆ, ಎಲೆಯ ಪೊಟ್ಟಣ ತೆಗೆದರು. ಅಂಗಳದಲ್ಲಿ ಉದ್ದಕ್ಕೆ ಚಾಪೆ ಹಾಸಿ ನಡುವೆ ಊಟ ಜೋಡಿಸಿದರು. ಮಕ್ಕಳು ಎರಡೂ ಕಡೆ, ಅವರ ಬೆನ್ನಿಗೆ ಪಾದ್ರಿ, ಪಾದ್ರಿಯಮ್ಮ, ಸೇಯಿನಿ, ನೆರೆಯವರು, ತಲೆಯ ಕಡೆ ಸೋದರತ್ತೆ, ಅವಳ ಪಕ್ಕದಲ್ಲಿ ಪೆಸಿ. ಸೊಸೆಯ ಜಾಗ ಒಲೆಯ ಬಳಿ. ಫೂಸಿ ಅಲ್ಲೇ ಬಡಿಸುವುದಕ್ಕೆ ನಿಂತಳು.

ಅಕ್ಕನಿಗೆಂದು ಇನೊಕೆ ದೊಡ್ಡ ಸುಟ್ಟ ಮೀನು, ಎರಡು ಕೋಳಿ ಬೇರೆಯೇ ಇಡಿಸಿದ್ದ. ಪ್ರತಿ ಸಲವೂ ಹಾಗೆಯೇ. ಫೂಸಿ ಆ ತಟ್ಟೆಯನ್ನು ಪಾದ್ರಿಯ ಕಡೆ ಕಳಿಸಿದಳು. ದೊಡ್ಡ ಮಗನನ್ನು ಕರೆದು, "ಆ ದೊಡ್ಡ ಹಂದಿ ಎತ್ತು. ತಲೆ ಕಡೆ ಇಡು. ಮುಖ ನಿಮ್ಮತ್ತೆ ಕಡೆಗೇ ಇರ್ಲಿ," ಎಂದಳು.

"ಅಲ್ಲಿಗಲ್ಲ ಅದು," ಎಂದ ಇನೊಕೆ ಗಾಬರಿಯಾಗಿ.

"ಇನ್ನೆಲ್ಲಿಗೆ? ದೊಡ್ಡ ಹಂದಿ ಯಾರಿಗೆ ಸೇರಬೇಕು ಪದ್ಧತಿ ಪ್ರಕಾರ? ಸೋದರತ್ತೆಗೆ ಕೋಳಿ ಇಟ್ಟು ಸಾಗಹಾಕಿದ್ರು ಅಂತ ನಾಳೆ ಊರು ಆಡ್ಕೊಂಡ್ರೆ ನಿಮಗೆ ಚೆನ್ನಾಗಿರುತ್ತಾ?"

ತಪ್ಪು ಹುಡುಕಲು ಆ ಮಾತಿನಲ್ಲಿ ಏನೂ ಇರಲಿಲ್ಲ. ಹಂದಿ ಹೊಂಬಣ್ಣಕ್ಕೆ ಸುಟ್ಟು ಹೊಳೆಯುತ್ತಿತ್ತು. ಅದನ್ನು ಕಲೊಲೈನೆಯ ಮಂಡಿಗೆ ತಾಗುವಷ್ಟು ಹತ್ತಿರ ಇಟ್ಟರು. ಅವಳು ಮುಟ್ಟಿ ತಿನ್ನುವ ತನಕ ಬೇರೆಯವರು ಮುಟ್ಟುವ ಹಾಗಿಲ್ಲ. ಬೇಡ ಎಂದರೆ ತಮ್ಮನಿಗೆ ಎಲ್ಲರೆದುರು ಅವಮಾನ. ತಿಂದರೆ ಅವಳ ದೇವರ ಮುಂದೆ ಅವಳೇ ತಲೆ ತಗ್ಗಿಸಬೇಕು.

"ಅಮ್ಮಾ," ಪೆಸಿ ಕೂಗಿದಳು, "ಅತ್ತೆ ಹಂದಿ ತಿನ್ನಲ್ಲ! ಮರೆತುಬಿಟ್ಯಾ?"

"ತಿನ್ನೋದು ಬಿಡೋದು ಅವರಿಷ್ಟ ಮಗು. ಕೊಡೋದನ್ನ ನಾವು ಕೊಡ್ಬೇಕು."

ಕಲೊಲೈನೆ ಹಂದಿಯನ್ನು ನೋಡಿದಳು. ಒಲೆಯ ಬಳಿ ನಿಂತ ಫೂಸಿಯನ್ನು ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದಳು. ಆಮೇಲೆ ಕತ್ತಿ ತೆಗೆದುಕೊಂಡಳು.

"ಎಷ್ಟು ಚೆನ್ನಾಗಿ ಸುಟ್ಟಿದ್ದೀರೋ! ಚರ್ಮ ನೋಡು, ಬೆರಳು ತಾಗಿಸಿದ್ರೆ ಮುರಿಯುತ್ತೆ. ನಂಗೆ ಕೊಟ್ಟಿದ್ದು ತಾನೇ ಇದು? ಹಾಗಿದ್ರೆ ಹಂಚ್ತೀನಿ. ಕಿವಿ ಪಾದ್ರಿಗಳಿಗೆ, ಜನರ ಕಷ್ಟ ಕೇಳ್ಬೇಕಲ್ಲ. ನಾಲಿಗೆ ಸೇಯಿನಿಗೆ ಕೊಡಿ, ಅವಳಿಗೆ ಒಂದು ಸಾಲಲ್ಲ."

ನಗು ಎದ್ದಿತು. ಸೇಯಿನಿ, "ತಲೆಗೂದಲು ನರೆತ್ರೂ ಇವಳ ಬಾಯಿ ನರೆಯಲ್ಲ," ಎನ್ನುತ್ತಾ ಕೈ ಚಾಚಿದಳು. ಕಲೊಲೈನೆ ತೊಡೆ, ಬೆನ್ನು, ಪಕ್ಕೆ ಎಂದು ಕತ್ತರಿಸಿ ಒಂದೊಂದು ಮನೆಗೆ ಒಂದೊಂದು ಪಾಲು ಕಳಿಸಿದಳು. ಕೊನೆಗೆ ಅವಳ ಮುಂದೆ ಬರೀ ಎಲೆ ಉಳಿಯಿತು. ಒಂದು ಬೆಂದ ಗೆಡ್ಡೆ ಮುರಿದು ಬಾಯಿಗೆ ಹಾಕಿಕೊಂಡು, "ತಿನ್ನಿ," ಎಂದಳು. ಎಲ್ಲರೂ ಅವಳ ದೊಡ್ಡ ಮನಸ್ಸನ್ನು ಹೊಗಳುತ್ತಾ ತಿಂದರು. ಒಲೆಯ ಬಳಿ ಫೂಸಿಗೆ ಮೈಯೆಲ್ಲ ಧಗಧಗ ಎಂದಿತು. ತಾನು ಎಸೆದ ಕಲ್ಲನ್ನೂ ಇವಳು ಹಣ್ಣು ಮಾಡಿ ಹಂಚಿಬಿಟ್ಟಳಲ್ಲ.

ಊಟದ ನಡುವೆ ಮಾತಾಡಲು ಎದ್ದವರಲ್ಲಿ ಕಲೊಲೈನೆ ಕೊನೆಯವಳು. ಪೆಸಿಯ ತಲೆಯ ಮೇಲೆ ಕೈಯಿಟ್ಟು ಅವಳ ಬಾಯಿಪಾಠವನ್ನು ಮೆಚ್ಚಿದಳು. ನಂತರ ಒಲೆಯ ಕಡೆ ತಿರುಗಿದಳು.

"ಫೂಸಿ ನನ್ನನ್ನ ಸಹಿಸ್ಕೊಂಡಿದ್ದಾಳೆ ಅಂತ ಪಾದ್ರಿಗಳು ಹೇಳಿದ್ರು. ನಾವು ಚೆನ್ನಾಗಿದ್ದೀವಿ ಅಂತ ನಾನು ಅಂದ್ಕೊಂಡಿದ್ದೆ. ಸಹಿಸ್ಕೊಳ್ಳೋ ಅಂಥದ್ದು ನನ್ನಲ್ಲಿ ಇದೆ ಅಂತ ಗೊತ್ತಿರ್ಲಿಲ್ಲ." ಯಾರೋ ಕೆಮ್ಮಿದರು. "ಇರ್ಲಿ. ನಂಗೆ ವವಾಉನಲ್ಲಿ ಕೆಲಸ ಸಿಕ್ಕಿದೆ. ಈ ವಾರ ಹೊರಡ್ತೀನಿ. ತಮ್ಮಾ, ನಿನ್ನ ಹತ್ರ ನಾನು ಇವತ್ತಿನ ತನಕ ಏನೂ ಕೇಳಿಲ್ಲ. ಪೆಸಿನ ನನ್ನ ಜೊತೆ ಕಳಿಸು."

ಪೆಸಿ ತಲೆಯೆತ್ತಿದಳು. ದೀಪ ಹಚ್ಚಿದ ಹಾಗೆ ಅವಳ ಮುಖ ಅರಳಿತು. ಅಂಗಳದ ಆ ತುದಿಯಿಂದಲೂ ಫೂಸಿಗೆ ಅದು ಕಾಣಿಸಿತು.

ಇನೊಕೆ ಕಣ್ಣು ಕೆಳಗಿಟ್ಟು ಕೂತಿದ್ದ. ಅಕ್ಕನ ಎದುರು ಅವನು ಯಾವತ್ತೂ ದನಿ ಎತ್ತಿದವನಲ್ಲ. "ಅವಳು ನಿಮ್ಮ..." ಎಂದು ಶುರು ಮಾಡಿದ.

"ಕೊಡಲ್ಲ."

ಮಾತು ಎಲ್ಲಿಂದ ಬಂತೆಂದು ಜನ ಮೊದಲು ಅತ್ತಿತ್ತ ನೋಡಿದರು. ಒಲೆಯ ಕಡೆಯಿಂದ ಯಾರೂ ಮಾತಾಡುವುದಿಲ್ಲವಲ್ಲ.

"ಫೂಸಿ!" ಎಂದರು ಪಾದ್ರಿಯಮ್ಮ.

"ಏನಂದೆ?" ಎಂದಳು ಕಲೊಲೈನೆ.

"ಕೊಡಲ್ಲ ಅಂದೆ." ಫೂಸಿ ಸೌಟು ಹಿಡಿದೇ ಒಂದು ಹೆಜ್ಜೆ ಮುಂದೆ ಬಂದಳು. "ನಿಂತ್ರೆ ಕೂತ್ರೆ ನಿಮ್ಮನ್ನೇ ನೋಡ್ತಾಳೆ. ತಲೆ ಬಾಚಿದ್ರೆ ಅತ್ತೆ ಹೀಗೆ ಬಾಚಲ್ಲ ಅಂತಾಳೆ. ಬಾಯಿಬಿಟ್ರೆ ಅತ್ತೆ. ಬರೀ ರಾತ್ರಿ ಮಲಗೋಕೆ ನಮ್ಮನೆಗೆ ಬರ್ತಾಳೆ, ಅದೊಂದು ಉಳಿದಿದೆ ನಂಗೆ. ಅದನ್ನೂ ಕೇಳ್ತೀರಲ್ಲ! ನಂಗೆ ಹೊಟ್ಟೆ ಉರಿಯುತ್ತೆ ಅತ್ತಿಗೆ. ನಿಮ್ಮ ಸಭೆ ಯಾವುದಾದ್ರೂ ಇರ್ಲಿ, ನಂಗೇನು? ಅದನ್ನ ಸಹಿಸ್ಕೊಳ್ಳೋದೇನು ದೊಡ್ಡದು! ಅವಳು ನಿಮ್ಮನ್ನ ನೋಡಿ ನಗೋದನ್ನ ಸಹಿಸೋಕಾಗಲ್ಲ ನಂಗೆ. ಹಂದಿನೂ ಅದಕ್ಕೇ ಇಟ್ಟೆ. ಪದ್ಧತಿಗಲ್ಲ."

ಮಕ್ಕಳು ಕೂಡ ಅಗಿಯುವುದನ್ನು ನಿಲ್ಲಿಸಿದ್ದರು. ಇನೊಕೆಯ ಮುಖ ಕಪ್ಪಿಟ್ಟಿತು. ಅವನು ಅಕ್ಕನ ಕಡೆ ಇನ್ನಷ್ಟು ಬಾಗಿ, "ಅವಳ ಮಾತು ಲೆಕ್ಕಕ್ಕಿಲ್ಲ ಅಕ್ಕಾ. ಮಗು ನಿಮ್ದು. ಕೊಟ್ಟೆ," ಎಂದ.

ಮುಗಿಯಿತು. ಕೊಟ್ಟ ಮಾತು ಕೊಟ್ಟದ್ದೇ. ಫೂಸಿ ಹಿಂದೆ ಸರಿದು ಸೌಟನ್ನು ಬೂದಿಯ ಪಕ್ಕ ಇಟ್ಟಳು.

ಪೆಸಿಯ ತಲೆಯ ಮೇಲಿದ್ದ ಕಲೊಲೈನೆಯ ಕೈ ಜಡೆಯ ಉದ್ದಕ್ಕೂ ಒಂದು ಸಲ ಇಳಿದು ಬಂತು.

"ಕೊಟ್ಯಾ?"

"ಕೊಟ್ಟೆ ಅಕ್ಕಾ."

"ನಂಗೆ ಕೊಟ್ಟಿದ್ದನ್ನ ನಾನು ಯಾರಿಗೆ ಬೇಕಾದ್ರೂ ಕೊಡಬಹುದಲ್ವಾ?"

ಇನೊಕೆ ತಲೆಯಾಡಿಸಿದ.

"ಹಾಗಿದ್ರೆ ಇವಳ ತಾಯಿಗೆ ಕೊಟ್ಟೆ," ಎಂದು ಕಲೊಲೈನೆ ಕೂತಳು. "ಯಾರಾದ್ರೂ ನೀರು ಕೊಡ್ರೋ. ಗೆಡ್ಡೆ ಗಂಟಲಲ್ಲೇ ನಿಂತಿದೆ."

*

ಪಾತ್ರೆ ತೊಳೆಯುವ ಹೊತ್ತಿಗೆ ಕಲೊಲೈನೆ ಫೂಸಿಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತಳು. ಇಬ್ಬರೂ ಒಂದೇ ಬುಟ್ಟಿಯ ಮರಳಿನಿಂದ ತಿಕ್ಕಿದರು.

"ಮೊದಲೇ ಹೇಳಬಾರದಿತ್ತೇನೇ?"

"ಏನಂತ ಹೇಳ್ಲಿ? ನೀವು ಅತ್ತಿಗೆ. ಹೇಳೋ ಹಾಗಿದ್ಯಾ ನಾನು?"

"ಇವತ್ತು ಹೇಗೆ ಬಂತು ಬಾಯಿ?"

"ಗೊತ್ತಿಲ್ಲ." ಫೂಸಿ ಮೂಗು ಒರೆಸಿಕೊಂಡಳು. "ನೀವು ತಗೊಂಡು ಹೋಗಬಹುದಿತ್ತು."

"ಹೋಗಬಹುದಿತ್ತು. ಈಗಲೂ ಆಸೆ ಇದೆ. ನೀನೊಬ್ಬಳೇ ಉರಿದವಳಾ? ಹೋದ ವರ್ಷ ಜ್ವರ ಬಂದಾಗ ಅವಳು ನನ್ನ ಮಡಿಲಲ್ಲೇ ಮಲಗಿದ್ಲು. ಬೆಳಗಾಗೋ ತನಕ 'ಅಮ್ಮ, ಅಮ್ಮ' ಅಂತ ನರಳಿದ್ಲು. ಒಂದು ಸಲ ಅತ್ತೆ ಅನ್ನಲಿ ಅಂತ ಕಾದೆ. ಅನ್ನಲಿಲ್ಲ ಕಣೇ."

ಫೂಸಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ದಿನ ತಾನು ತೊಗಟೆ ಬಡಿಯಲು ಆಚೆ ಊರಿಗೆ ಹೋಗಿದ್ದದ್ದು ನೆನಪಾಯಿತು. ಜ್ವರದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದವಳು ಇವಳು ಎನ್ನುವುದೇ ಚುಚ್ಚಿತು.

ಆಮೇಲಿನ ದಿನಗಳು ಜಗಳಕ್ಕಿಂತ ಕಷ್ಟವಾಗಿದ್ದವು. ಪೆಸಿ ಅಳಲಿಲ್ಲ, ಹಟ ಹಿಡಿಯಲಿಲ್ಲ. ಕರೆದ ತಕ್ಷಣ ಬಂದು ಮಂಡಿಗಳ ನಡುವೆ ಕೂತಳು. ಎಷ್ಟು ಬಿಗಿದರೂ ತಲೆ ಅಲುಗಿಸಲಿಲ್ಲ.

"ನೋವಾಯ್ತಾ?"

"ಇಲ್ಲಮ್ಮ."

"ಗೆಣಸು ಇಷ್ಟ ಆಯ್ತಾ?"

"ಚೆನ್ನಾಗಿದೆಯಮ್ಮ."

ಹಂದಿಯ ತುಂಡನ್ನೂ ತಿಂದಳು. ಬದಿಗೆ ಸರಿಸದೆ, ಮುಖ ಕಿವುಚದೆ, ಕೊನೆಯ ಚೂರಿನ ತನಕ. ಮರದ ಆಚೆಯ ಮೆಟ್ಟಿಲಿನ ಕಡೆಗೆ ಹೋಗಲೇ ಇಲ್ಲ. ಅಮ್ಮ ಏನು ಕೇಳಿದರೂ ಅದೇ ಸಿಹಿ, ಅದೇ ಮೃದು. ಫೂಸಿಗೆ ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಎನಿಸುತ್ತಿತ್ತು. ಮೂರನೆಯ ದಿನ ಬಟ್ಟೆ ಹಿಂಡುತ್ತಿರುವಾಗ ತಟ್ಟನೆ ಗೊತ್ತಾಯಿತು. ಅದು ತನ್ನದೇ ದನಿ. ಎಷ್ಟು ಚೆನ್ನಾಗಿದೆ ಅತ್ತಿಗೆ, ನಿಮ್ಮ ಕೈ ಅಂದ್ರೆ ಕೈ. ಮಗಳು ತನ್ನನ್ನು ಸಹಿಸಿಕೊಳ್ಳುತ್ತಿದ್ದಳು.

ಸಹಿಸಿಕೊಂಡವರ ಎದುರು ಕೂರುವುದು ಹೀಗಿರುತ್ತದೆಂದು ಅವಳಿಗೆ ಈ ತನಕ ಯಾರೂ ಹೇಳಿರಲಿಲ್ಲ. ಬಾಗಿಲು ತೆರೆದೇ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ. ಇಷ್ಟು ವರ್ಷ ಅತ್ತಿಗೆ ಇಂಥ ಬಾಗಿಲಿನ ಮುಂದೆಯೇ ನಿಂತು ನಗುತ್ತಿದ್ದಳೇ?

ಹಿಂಡಿದ ಬಟ್ಟೆಯನ್ನು ಹಾಗೆಯೇ ಬುಟ್ಟಿಗೆ ಹಾಕಿ ಫೂಸಿ ಮರದ ಆಚೆ ಹೋದಳು. ಕಲೊಲೈನೆ ಚಾಪೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು.

"ಶಾಲೆಗೆ ರಜೆ ಬಂತು," ಎಂದಳು ಫೂಸಿ ಹೊಸ್ತಿಲಲ್ಲೇ ನಿಂತು. "ರಜೆ ಮುಗಿಯೋ ತನಕ ಕರ್ಕೊಂಡು ಹೋಗಿ. ಮುಂದಿನ ರಜೆಗೂ ಬರ್ತಾಳೆ. ಶಾಲೆ ದಿನ ಮಾತ್ರ ನನ್ನ ಹತ್ರ."

ಕಲೊಲೈನೆ ಹಗ್ಗ ಹಿಡಿದೇ ತಿರುಗಿದಳು. "ನಾನು ಕೇಳ್ಲಿಲ್ವಲ್ಲ."

"ನೀವು ಕೇಳಿದ್ರೆ ಕೊಡ್ತಿರ್ಲಿಲ್ಲ."

"ಮತ್ತೆ ಹೊಟ್ಟೆ ಉರಿ?"

"ಅದು ಎಲ್ಲಿ ಹೋಗುತ್ತೆ? ಇದೆ. ಈಗಲೇ ಉರೀತಿದೆ. ಬೇಗ ಹೂಂ ಅನ್ನಿ, ಮನಸ್ಸು ಬದಲಾಗೋದರೊಳಗೆ."

ಆ ದೊಡ್ಡ ನಗು ಅಂಗಳ ದಾಟಿ ಹೋಯಿತು. ನಾಯಿಗಳು ಎದ್ದು ಬಂದವು. ಅವುಗಳ ಹಿಂದೆ, ಏನಾಯಿತೋ ಎಂದು ಪೆಸಿಯೂ ಓಡಿ ಬಂದಳು.

*

ನುಕುಅಲೋಫಾದ ಹಡಗುಕಟ್ಟೆಯಲ್ಲಿ ಗೆಡ್ಡೆಯ ಮೂಟೆ, ಸುತ್ತಿದ ಚಾಪೆ, ಅಳುವ ಅಜ್ಜಿಯರ ನಡುವೆ ಫೂಸಿ ಮಗಳ ಕೈ ಹಿಡಿದು ನಿಂತಿದ್ದಳು. ಪೆಸಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ಬಿಡಮ್ಮ, ಜಾಗ ಹೋಗಿಬಿಡುತ್ತೆ," ಎಂದು ಕೈ ಎಳೆಯುತ್ತಿದ್ದಳು. ಹಿಂದಿನ ದಿನ ತಲೆ ಬಾಚುವಾಗ ಎರಡು ಸಲ "ಅಯ್ಯೋ ನೋವು, ಸಾಕು ಬಿಡು," ಎಂದು ಕಿರುಚಿದ್ದಳು. ಫೂಸಿಗೆ ಅದನ್ನು ಕೇಳಿ ಎಷ್ಟು ಹಗುರವಾಗಿತ್ತೆಂದರೆ, ಇನ್ನೊಂದು ಸಲ ಕಿರುಚಲಿ ಎಂದೇ ಸ್ವಲ್ಪ ಎಳೆದಿದ್ದಳು.

ಕೈ ಬಿಟ್ಟಳು. ಹುಡುಗಿ ಏಣಿ ಹತ್ತಿ ಓಡಿದಳು, ಹಿಂತಿರುಗಿ ನೋಡದೆ.

ಹಡಗು ಕದಲಿದಾಗ ಅವರಿಬ್ಬರೂ ಮೇಲಿನ ಕಂಬಿಯ ಬಳಿ ಕಾಣಿಸಿಕೊಂಡರು. ಪೆಸಿ ಕಲೊಲೈನೆಯ ಸೊಂಟ ತಬ್ಬಿ ನಿಂತಿದ್ದಳು. ಅಷ್ಟು ದೂರದಿಂದಲೂ ಫೂಸಿಗೆ ಆ ಕೈಗಳು ಎಷ್ಟು ಬಿಗಿಯಾಗಿ ತಬ್ಬಿವೆ ಎಂಬುದು ಗೊತ್ತಾಗುತ್ತಿತ್ತು.

"ಅತ್ತಿಗೇ!" ಎಂದು ಕೂಗಿದಳು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. "ಗಾಳಿಗೆ ಕೂರಿಸ್ಬೇಡಿ ಅವಳನ್ನ! ಕೆಮ್ಮು ಬರುತ್ತೆ!"

"ಗೊತ್ತಿಲ್ವಾ ನಂಗೆ?" ನೀರಿನ ಮೇಲಿಂದ ಉತ್ತರ ಬಂತು. "ಹೇಳಿಕೊಡೋಕೆ ಬಂದ್ಲು ಇಲ್ಲಿ!"

"ಗೊತ್ತಿದ್ರೆ ಒಳಗೆ ಕರ್ಕೊಂಡು ಹೋಗಿ ಮತ್ತೆ!"

"ಹೋಗ್ತೀನಿ ಕಣೇ, ನೀನು ಮೊದಲು ಮನೆಗೆ ಹೋಗು!"

ಇಬ್ಬರೂ ಹೋಗಲಿಲ್ಲ. ಹಡಗು ತಿರುಗುವ ತನಕ ಫೂಸಿ ಕಟ್ಟೆಯ ಅಂಚಿನಲ್ಲಿ ನಿಂತು ಬೈಯುತ್ತಲೇ ಇದ್ದಳು, ಅವಳು ಅಲ್ಲಿಂದ ಬೈಯುತ್ತಲೇ ಇದ್ದಳು. ನಡುವೆ ಪೆಸಿ ಹೊಟ್ಟೆ ಹಿಡಿದುಕೊಂಡು ನಗುತ್ತಾ, ಒಂದು ಸಲ ಅತ್ತೆಯ ಮುಖ, ಒಂದು ಸಲ ಅಮ್ಮನ ಕಡೆ ನೋಡುತ್ತಿದ್ದಳು.